ಗೋಡೆಯ ಮೇಲಿನ ಬೋರ್ಡು ಹತ್ತು ವರ್ಷ ಬಾಳುತ್ತದೆ, ಅದರ ಕ್ಲೌಡ್ ಬಾಳುತ್ತದಾ?

2023ರ ಆಗಸ್ಟ್ 16ರಂದು ಗೂಗಲ್, ದೂರದ ಯಂತ್ರ ಮತ್ತು ಸೆನ್ಸರುಗಳನ್ನು ತನ್ನ ಕ್ಲೌಡಿಗೆ ಜೋಡಿಸುತ್ತಿದ್ದ ‘ಕ್ಲೌಡ್ ಐಒಟಿ ಕೋರ್’ ಸೇವೆಯನ್ನು ಮುಚ್ಚಿತು. ಒಂದು ವರ್ಷ ಮೊದಲೇ ತಿಳಿಸಿತ್ತು. ಬರೀ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಒಂದು ವರ್ಷ ಅಂದರೆ ಬೇಕಾದಷ್ಟು ಸಮಯ. ಆದರೆ ಮೈಕ್ರೋಕಂಟ್ರೋಲರ್ ಬೋರ್ಡು, ಅಂದರೆ ಸೆನ್ಸರ್ ಓದಿ ಡೇಟಾ ಕಳಿಸುವ ಪುಟಾಣಿ ಕಂಪ್ಯೂಟರು, ಕೂತಿರುವ ಜಾಗವೇ ಬೇರೆ. ತೋಟದ ಪಂಪ್‌ಹೌಸಿನಲ್ಲಿ, ಊರಿನ ನೀರಿನ ಟ್ಯಾಂಕಿನ ಮೇಲೆ, ಕೋಲ್ಡ್ ಸ್ಟೋರೇಜಿನ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದು ಇರುತ್ತದೆ. ಅದರೊಳಗಿನ ಪ್ರೋಗ್ರಾಂ ಬದಲಿಸಬೇಕು ಅಂದರೆ ಎಷ್ಟೋ ಸಲ ಒಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲಿಗೇ ಹೋಗಬೇಕು, ಏಣಿ ಹತ್ತಬೇಕು, ಡಬ್ಬಿ ಬಿಚ್ಚಬೇಕು.

ಬೋರ್ಡಿನಿಂದ ಕ್ಲೌಡ್ ಡೇಟಾಬೇಸಿಗೆ ಡೇಟಾ ಕಳಿಸುವುದು ಈಗ ಒಂದು ಸಂಜೆಯ ಕೆಲಸ. ಐದು ವರ್ಷ ಕಳೆದ ಮೇಲೂ ಆ ಡೇಟಾ ಬರುತ್ತಲೇ ಇರಬೇಕು ಅನ್ನುವುದು ಬೇರೆಯೇ ಕೆಲಸ. ಮೊದಲನೆಯದನ್ನು ಹೇಳಿಕೊಡುವ ವಿಡಿಯೋಗಳು ರಾಶಿ ರಾಶಿ ಇವೆ. ಎರಡನೆಯದರ ಬಗ್ಗೆ ಮಾತು ತೀರಾ ಕಡಿಮೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹತ್ತು ವರ್ಷ ಬಾಳಬೇಕಾದ ಬೋರ್ಡನ್ನು ನೇರವಾಗಿ ಯಾವುದೇ ಒಂದು ಕಂಪನಿಯ ಡೇಟಾಬೇಸಿಗೆ ಕಟ್ಟಿಹಾಕಬಾರದು. ನಡುವೆ ನಮ್ಮದೇ ಅನ್ನುವ ಒಂದು ತೆಳುವಾದ ಪದರ ಇರಬೇಕು.

ಇದು ಇಷ್ಟು ಸುಲಭ ಆದದ್ದು ಹೇಗೆ ಅಂತ ಸ್ವಲ್ಪ ನೋಡೋಣ. ಎಲ್ಲರೂ ಕಲಿಯಲು ಬಳಸುತ್ತಿದ್ದ ಹಳೇ ಆರ್ಡುಯಿನೋ ಉನೋ ಬೋರ್ಡಿನಲ್ಲಿ ಇರುವ ರ‍್ಯಾಮ್ ಬರೀ 2 ಕೆಬಿ, ವೈಫೈ ಇಲ್ಲವೇ ಇಲ್ಲ. ಅದನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಕು ಅಂದರೆ ಮೇಲೊಂದು ಶೀಲ್ಡ್, ಅಂದರೆ ಹೆಚ್ಚುವರಿ ಹಲಗೆ, ಹಾಕಬೇಕಿತ್ತು, ಆ ಶೀಲ್ಡು ಬೋರ್ಡಿಗಿಂತ ದುಬಾರಿ. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ ಬಂತು, 2016ರಲ್ಲಿ ಇಎಸ್‌ಪಿ32 ಬಂತು. ವೈಫೈ ಚಿಪ್ಪಿನೊಳಗೇ ಬಂದುಬಿಟ್ಟಿತು. ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವೇ ನೂರು ರೂಪಾಯಿ ಕೊಟ್ಟರೆ ಇಎಸ್‌ಪಿ32 ಬೋರ್ಡು ಕೈಗೆ ಬರುತ್ತದೆ. ಇನ್ನೊಂದು ಕಡೆ ಫೈರ್‌ಬೇಸ್ ಅನ್ನುವ ಕ್ಲೌಡ್ ಡೇಟಾಬೇಸ್. 2011ರಲ್ಲಿ ಸಣ್ಣ ಕಂಪನಿಯಾಗಿ ಶುರುವಾಗಿ 2014ರಲ್ಲಿ ಗೂಗಲ್ ಕೈಗೆ ಹೋದ ಸೇವೆ. ಲೈಬ್ರರಿ ಹಾಕಿ, ಡೇಟಾಬೇಸಿನ ವಿಳಾಸ ಮತ್ತು ಕೀ ಅಂಟಿಸಿದರೆ ಮುಗಿಯಿತು, ಸೆನ್ಸರ್ ಓದಿದ್ದು ಮೊಬೈಲಿನಲ್ಲಿ ಕಾಣುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಕೊನೇ ವರ್ಷದ ಪ್ರಾಜೆಕ್ಟುಗಳಲ್ಲಿ ಈ ಜೋಡಿಯನ್ನು ಎಷ್ಟು ಸಲ ನೋಡಿದ್ದೇವೆ ಅಲ್ವಾ?

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಫೈರ್‌ಬೇಸ್ ಹುಟ್ಟಿದ್ದು ವೆಬ್ ಮತ್ತು ಮೊಬೈಲ್ ಆ್ಯಪ್‌ಗಳಿಗಾಗಿ. ಮೊಬೈಲಿಗೆ ತಿಂಗಳು ತಿಂಗಳು ಅಪ್‌ಡೇಟ್ ಬರುತ್ತದೆ, ಹಳೇ ಆ್ಯಪ್ ಹೋಗಿ ಹೊಸದು ಬರುತ್ತದೆ, ಸೆಕ್ಯುರಿಟಿ ಸರ್ಟಿಫಿಕೇಟುಗಳು ಬಳಸುವವರಿಗೆ ಗೊತ್ತೇ ಆಗದ ಹಾಗೆ ಬದಲಾಗುತ್ತವೆ. ಬೋರ್ಡಿಗೆ ಇದ್ಯಾವುದೂ ತಾನಾಗಿ ಆಗುವುದಿಲ್ಲ. ಅದು ಪ್ರೋಗ್ರಾಂ ತುಂಬಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಮುಂದೆ ಬರುವ ಬಹುಪಾಲು ತೊಂದರೆಗಳ ಬೇರು ಇಲ್ಲೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳಿಯ ಹಾಲಿನ ಡೇರಿಯಲ್ಲಿ ಇರುವ ಬಿಎಂಸಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ಸ್ಟೀಲ್ ಟ್ಯಾಂಕು. ಬೆಳಿಗ್ಗೆ ಸಂಜೆ ಹಾಲು ಬರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಿ ಟ್ಯಾಂಕರ್ ಬರುವವರೆಗೆ ಹಾಗೇ ಕಾಪಾಡಬೇಕು. ರಾತ್ರಿ ಕರೆಂಟು ಹೋಗಿ ಜನರೇಟರ್ ಸ್ಟಾರ್ಟ್ ಆಗದಿದ್ದರೆ, ಅಥವಾ ಕಂಪ್ರೆಸರ್ ಕೈಕೊಟ್ಟರೆ, ಬೆಳಿಗ್ಗೆ ಸೆಕ್ರೆಟರಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಇಡೀ ಊರಿನ ಹಾಲು ಹಾಳು. ನಷ್ಟ ಬೀಳುವುದು ಎರಡು-ಮೂರು ಹಸು ಕಟ್ಟಿಕೊಂಡು ಬದುಕುವ ಮನೆಗಳ ಮೇಲೆ. ಹಾಗಾಗಿ ಇಲ್ಲಿ ದೂರದಿಂದ ನಿಗಾ ಇಡುವುದು ಖಂಡಿತ ಶೋಕಿಯಲ್ಲ. ಕೆಲವೇ ಸಾವಿರ ರೂಪಾಯಿ ಖರ್ಚಿನಲ್ಲಿ ಅಷ್ಟು ದೊಡ್ಡ ನಷ್ಟ ತಪ್ಪಿಸಬಹುದು ಅಂದರೆ ಮಾಡಲೇಬೇಕು.

ಸೆನ್ಸರ್ ಯಾವುದು? ಸಾಮಾನ್ಯವಾಗಿ ಡಿಎಸ್18ಬಿ20. ಸ್ಟೀಲ್ ಕೊಳವೆಯೊಳಗೆ ಮುಚ್ಚಿ ಬರುತ್ತದೆ, ನೀರು ತಾಕಿದರೆ ಭಯವಿಲ್ಲ, ಮೂರು ವೈರು. ಇದರ ಎರಡು ಗುಣ ತಿಳಿದಿರಬೇಕು. ಪವರ್ ಬಂದ ತಕ್ಷಣ, ಉಷ್ಣತೆ ಅಳೆಯುವ ಮೊದಲೇ ಓದಿದರೆ, ಇದು 85 ಡಿಗ್ರಿ ಅಂತ ಹೇಳುತ್ತದೆ. ಪೂರ್ತಿ ನಿಖರತೆಯಲ್ಲಿ ಒಂದು ಸಲ ಅಳೆಯಲು 750 ಮಿಲಿಸೆಕೆಂಡ್ ಬೇಕು, ಪವರ್ ಬಂದ ಮೇಲಿನ ಮೊದಲ ಅಳತೆಗೆ ಅಷ್ಟು ಕಾಯದಿದ್ದರೆ ಈ 85 ಸಿಗುತ್ತದೆ. ವೈರು ಸಡಿಲವಾಗಿ ಸಂಪರ್ಕ ತಪ್ಪಿದರೆ ಆರ್ಡುಯಿನೋದಲ್ಲಿ ಎಲ್ಲರೂ ಬಳಸುವ ಲೈಬ್ರರಿ ಮೈನಸ್ 127 ಅಂತ ಕೊಡುತ್ತದೆ. ಈ ಎರಡೂ ಉಷ್ಣತೆಗಳೇ ಅಲ್ಲ, ದೋಷದ ಸಂಕೇತಗಳು. ಆದರೆ ಡೇಟಾಬೇಸಿಗೆ ಅದು ಗೊತ್ತಿಲ್ಲ. ಅದು ಎರಡನ್ನೂ ಸುಮ್ನೆ ತುಂಬಿಕೊಳ್ಳುತ್ತದೆ. ಆಮೇಲೆ ಯಾರೋ ಗಂಟೆಯ ಸರಾಸರಿ ತೆಗೆಯುತ್ತಾರೆ. ಅರವತ್ತು ಓದಿನಲ್ಲಿ ಎರಡು ಮೈನಸ್ 127 ಸೇರಿದರೆ ಸಾಕು, 4 ಡಿಗ್ರಿ ಇರುವ ಹಾಲು ಮೈನಸ್ 0.4 ಅಂತ ಕಾಣುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಹಾಲು ನಿಜವಾಗಿ 8 ಡಿಗ್ರಿಗೆ ಏರಿದ್ದರೂ ಸರಾಸರಿ 3.5 ಅಂತ ತೋರಿಸುತ್ತದೆ, ಅಲಾರಂ ಹೊಡೆಯುವುದೇ ಇಲ್ಲ.

ಇಂಥ ಸುಳ್ಳು ಓದನ್ನು ಬೋರ್ಡಿನಲ್ಲೇ ಹಿಡಿಯಬೇಕು. ಹಾಗಂತ ಸುಮ್ನೆ ಬಿಸಾಡಲೂ ಬಾರದು. ‘ಸೆನ್ಸರ್ ದೋಷ’ ಅಂತ ಬೇರೆ ಗುರುತು ಹಾಕಿ ಕಳಿಸಬೇಕು, ಏಕೆಂದರೆ ದಿನಕ್ಕೆ ಒಂದೆರಡು ಸಲ ಬರುತ್ತಿದ್ದ ಮೈನಸ್ 127 ಗಂಟೆಗೊಂದು ಸಲ ಬರತೊಡಗಿತು ಅಂದರೆ ವೈರು ಕೊಳೆಯುತ್ತಿದೆ ಅಂತ ಅರ್ಥ. ಇಎಸ್‌ಪಿ32ಕ್ಕೂ ಇಂಥದ್ದೇ ಒಂದು ಗುಣವಿದೆ, ಮಣ್ಣಿನ ತೇವ ಅಳೆಯುವವರು ನೆನಪಿಟ್ಟುಕೊಳ್ಳಬೇಕು. ಮೂಲ ಇಎಸ್‌ಪಿ32ರಲ್ಲಿ ಎಡಿಸಿ2 ಗುಂಪಿನ ಪಿನ್ನುಗಳು ವೈಫೈ ಆನ್ ಇರುವಾಗ ಅನಲಾಗ್ ಓದಿಗೆ, ಅಂದರೆ ಸೆನ್ಸರಿನ ವೋಲ್ಟೇಜ್ ಅಳೆಯಲು, ಸಿಗುವುದಿಲ್ಲ. 25ನೇ ಪಿನ್ನಿಗೆ ಸೆನ್ಸರ್ ಹಾಕಿ ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಚೆನ್ನಾಗಿ ಓದುತ್ತದೆ, ಕ್ಲೌಡಿಗೆ ಕಳಿಸುವ ಭಾಗ ಸೇರಿಸಿದ ಕೂಡಲೇ ಓದು ಕೆಡುತ್ತದೆ. 32ರಿಂದ 39ರವರೆಗಿನ ಪಿನ್ನುಗಳಿಗೆ ಹಾಕಿದರೆ ಈ ರಗಳೆ ಇಲ್ಲ.

ಈಗ ಡೇಟಾಬೇಸಿನ ಲೆಕ್ಕಕ್ಕೆ ಬರೋಣ. ಹತ್ತು ಸೆಕೆಂಡಿಗೊಂದು ಸಲ ಕಳಿಸುವ ಬೋರ್ಡು ದಿನಕ್ಕೆ 8,640 ಸಲ ಬರೆಯುತ್ತದೆ. ಫೈರ್‌ಬೇಸಿನ ಡೇಟಾಬೇಸುಗಳಲ್ಲಿ ಒಂದಾದ ಫೈರ್‌ಸ್ಟೋರಿನ ಉಚಿತ ಮಿತಿ ದಿನಕ್ಕೆ 20,000 ಬರಹ, 50,000 ಓದು. ಎರಡು ಬೋರ್ಡು ಇದ್ದರೆ 17,280, ಸರಿಹೋಯಿತು. ಮೂರನೆಯದು ಸೇರಿದರೆ 25,920, ಮಿತಿ ದಾಟಿತು. ಈ ಮಿತಿ ಹೊಸದಾಗಿ ಶುರುವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಯ ಹೊತ್ತಿಗೆ, ಅಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿಂದ ಲೆಕ್ಕ ಹಾಕಿ. ಮೂರು ಬೋರ್ಡುಗಳು 20,000 ಬರಹ ಮುಗಿಸಲು ಹದಿನೆಂಟೂವರೆ ಗಂಟೆ ಸಾಕು. ಮರುದಿನ ಬೆಳಿಗ್ಗೆ ಏಳರ ಹೊತ್ತಿಗೆ ಕೋಟಾ ಖಾಲಿ. ಏಳರಿಂದ ಹನ್ನೆರಡೂವರೆವರೆಗೆ ಪ್ರತಿದಿನ ಗ್ರಾಫ್ ಬರಿದು. ಡೇರಿಯಲ್ಲಿ ಅದು ಹಾಲು ಬರುವ, ಅಳೆಯುವ, ತಂಪು ಮಾಡುವ ಹೊತ್ತು! ಕಾರಣ ಗೊತ್ತಿಲ್ಲದವರು ಬೆಳಗಿನ ಹೊತ್ತು ವೈಫೈ ಸರಿಯಿಲ್ಲ ಅಂದುಕೊಂಡು ರೂಟರ್ ಬದಲಿಸುತ್ತಾರೆ.

ಓದಿನ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಒಂದು ಬೋರ್ಡಿನ ಒಂದು ದಿನದ ಗ್ರಾಫ್ ತೋರಿಸಲು 8,640 ದಾಖಲೆ ಓದಬೇಕು. ಸೆಕ್ರೆಟರಿ, ಅಧ್ಯಕ್ಷರು, ಮೆಕ್ಯಾನಿಕ್ ಸೇರಿ ಆರು ಸಲ ತೆರೆದರೆ 51,840. ಅಲ್ಲಿಗೆ ಆ ದಿನದ ಕಥೆ ಮುಗಿಯಿತು. ದುಡ್ಡು ಕೊಡುವ ಪ್ಲಾನಿಗೆ ಹೋದರೆ ನಿಲ್ಲುವುದಿಲ್ಲ, ಬದಲಿಗೆ ಬಿಲ್ ಏರುತ್ತಾ ಹೋಗುತ್ತದೆ. ಎರಡು ಸಾವಿರ ಲೀಟರ್ ಹಾಲಿನ ಉಷ್ಣತೆ ಹತ್ತು ಸೆಕೆಂಡಿನಲ್ಲಿ ಎಷ್ಟು ಬದಲಾಗಲು ಸಾಧ್ಯ? ನಿಮಿಷಕ್ಕೊಂದು ಓದು ಧಾರಾಳ ಸಾಕು. ಅದಕ್ಕಿಂತ ಒಳ್ಳೆಯದು, 0.2 ಡಿಗ್ರಿಗಿಂತ ಜಾಸ್ತಿ ಬದಲಾದಾಗ ಕಳಿಸು, ಬದಲಾಗದಿದ್ದರೂ ಐದು ನಿಮಿಷಕ್ಕೊಮ್ಮೆ ‘ಬದುಕಿದ್ದೇನೆ’ ಅಂತ ಹೇಳು ಅನ್ನುವ ಪದ್ಧತಿ. ಗ್ರಾಫಿಗೆ ಗಂಟೆಯ ಕನಿಷ್ಠ, ಗರಿಷ್ಠ, ಸರಾಸರಿಗಳನ್ನು ಬೇರೆಯಾಗಿ ಬರೆದಿಟ್ಟರೆ ದಿನಕ್ಕೆ 24 ದಾಖಲೆ ಓದಿದರೆ ಆಯಿತು.

ಸುರಕ್ಷತೆಯ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಚಿಂತೆಯಾಗುತ್ತದೆ. ಫೈರ್‌ಬೇಸಿನಲ್ಲಿ ಹೊಸ ಡೇಟಾಬೇಸ್ ಮಾಡುವಾಗ ‘ಟೆಸ್ಟ್ ಮೋಡ್’ ಆರಿಸಿಕೊಂಡರೆ 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು. 30 ದಿನ ಮುಗಿಯುವಾಗ ಎಚ್ಚರಿಕೆಯ ಇಮೇಲ್ ಬರುತ್ತದೆ, ಬೋರ್ಡು ಕಳಿಸುವುದು ನಿಂತುಹೋಗುತ್ತದೆ. ಆಗ ಬಹಳಷ್ಟು ಜನ ಮಾಡುವುದೇನು ಅಂದರೆ, ರೂಲ್ಸ್ ಪುಟಕ್ಕೆ ಹೋಗಿ ಓದಲು ಬರೆಯಲು ಎರಡಕ್ಕೂ ‘ಟ್ರೂ’ ಅಂತ ಹಾಕಿಬಿಡುತ್ತಾರೆ. ಬೋರ್ಡು ಮತ್ತೆ ಕೆಲಸ ಮಾಡುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಡೇಟಾಬೇಸಿನ ವಿಳಾಸ ಗೊತ್ತಿರುವ ಯಾರು ಬೇಕಾದರೂ ಅಲ್ಲಿ ಏನು ಬೇಕಾದರೂ ಬರೆಯಬಹುದು. ಅದೇ ಡೇಟಾಬೇಸಿನಿಂದ ಬೋರ್ಡು ಮೋಟರ್ ಆನ್ ಮಾಡು, ಆಫ್ ಮಾಡು ಅನ್ನುವ ಆದೇಶವನ್ನೂ ಓದುತ್ತಿದ್ದರೆ? ಬೋರ್‌ವೆಲ್ ಒಣಗಿರುವಾಗ ಬೇರೆ ಯಾರೋ ಮೋಟರ್ ಚಾಲೂ ಮಾಡಿ ಸುಟ್ಟುಹಾಕಬಹುದು. ಉಷ್ಣತೆ ಕದ್ದು ಓದಿದರೆ ಏನು ಮಹಾ ಅನ್ನುವವರು ಈ ಬರೆಯುವ ದಾರಿಯನ್ನು ಯೋಚಿಸಬೇಕು.

ಕೀಗಳ ಕಥೆಯೂ ಹೀಗೇ. ಪ್ರೋಗ್ರಾಮಿನೊಳಗೆ ಬರೆದ ವೈಫೈ ಪಾಸ್‌ವರ್ಡ್, ಡೇಟಾಬೇಸ್ ಕೀ ಎಲ್ಲವೂ ಚಿಪ್ಪಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಾಗ್ಹಾಗೇ ಕೂತಿರುತ್ತವೆ. ಯುಎಸ್‌ಬಿ ಕೇಬಲ್ ಚುಚ್ಚಿ, ಎಸ್ಪ್ರೆಸಿಫ್ ಕಂಪನಿಯೇ ಕೊಡುವ ಉಚಿತ ಉಪಕರಣದಿಂದ ಪೂರ್ತಿ ಮೆಮೊರಿಯನ್ನು ಹೊರಗೆ ತೆಗೆಯಬಹುದು. ಫ್ಲ್ಯಾಶನ್ನು ಗೂಢಲಿಪಿಯಲ್ಲಿ ಇಡುವ ಸೌಲಭ್ಯ ಇಎಸ್‌ಪಿ32ರಲ್ಲಿ ಇದೆ, ಆನ್ ಮಾಡುವವರು ಕಡಿಮೆ. ಹಾಗಾಗಿ ನೂರು ಬೋರ್ಡಿಗೂ ಒಂದೇ ಕೀ ಇದ್ದರೆ ಒಂದು ಕಳುವಾದ ದಿನ ನೂರೂ ಹೋದ ಹಾಗೆ. ಪ್ರತಿ ಬೋರ್ಡಿಗೂ ಅದರದೇ ಗುರುತು, ಅದರದೇ ಕೀ, ತನ್ನ ಜಾಗದಲ್ಲಿ ಮಾತ್ರ ಬರೆಯುವ ಅನುಮತಿ, ಇಷ್ಟು ಮೊದಲ ದಿನದಿಂದಲೇ ಇರಬೇಕು. ಆಗ ಒಂದು ಬೋರ್ಡು ಕಳೆದರೆ ಅದರ ಕೀ ಮಾತ್ರ ರದ್ದು ಮಾಡಿದರೆ ಆಯಿತು.

ಇನ್ನು ಸರ್ಟಿಫಿಕೇಟು, ಅಂದರೆ ಸರ್ವರಿನ ಗುರುತಿನ ಚೀಟಿ. ಸದ್ಯದ ಪರಿಸ್ಥಿತಿಯಲ್ಲಿ ಎಲ್ಲಕ್ಕಿಂತ ತುರ್ತಾದ ವಿಷಯ ಇದೇ. ಬೋರ್ಡು ಕ್ಲೌಡಿನ ಜೊತೆ ಮಾತಾಡುವಾಗ ಎದುರಿಗಿರುವ ಸರ್ವರ್ ಅಸಲಿಯಾ ಅಂತ ಪರೀಕ್ಷೆ ಮಾಡಬೇಕು. ಹಳೇ ಫೈರ್‌ಬೇಸ್ ಆರ್ಡುಯಿನೋ ಲೈಬ್ರರಿಯಲ್ಲಿ ಇದಕ್ಕೆ ಗೂಗಲ್ ಸರ್ವರಿನ ಸರ್ಟಿಫಿಕೇಟಿನ ಬೆರಳಚ್ಚು, ಅಂದರೆ ಫಿಂಗರ್‌ಪ್ರಿಂಟ್, ಪ್ರೋಗ್ರಾಮಿನೊಳಗೇ ಬರೆದಿತ್ತು. ಗೂಗಲ್ ಸರ್ಟಿಫಿಕೇಟು ಬದಲಿಸಿದಾಗಲೆಲ್ಲ ಬೋರ್ಡುಗಳು ಮೌನವಾದವು. ಹೊಸ ಫಿಂಗರ್‌ಪ್ರಿಂಟ್ ಹುಡುಕಿ, ಫೈಲು ತಿದ್ದಿ, ಮತ್ತೆ ಬೋರ್ಡಿಗೆ ತುಂಬಬೇಕಿತ್ತು. ಇದಕ್ಕೆ ಜನ ಕಂಡುಕೊಂಡ ಉಪಾಯ ‘ಸೆಟ್ ಇನ್‌ಸೆಕ್ಯೂರ್’ ಅನ್ನುವ ಒಂದು ಸಾಲು. ಪರೀಕ್ಷೆಯನ್ನೇ ಮಾಡಬೇಡ, ಯಾರು ಬಂದರೂ ನಂಬು ಅಂತ ಬೋರ್ಡಿಗೆ ಹೇಳುವ ಸಾಲು ಅದು. ಕೆಲಸವೇನೋ ಆಗುತ್ತದೆ, ಆದರೆ ಕಾವಲು ಅಲ್ಲಿಗೆ ಮುಗಿಯಿತು.

ಮುಂದೆ ಇದು ಇನ್ನೂ ಬಿಗಿಯಾಗಲಿದೆ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟು ಕೊಡುವ ಸಂಸ್ಥೆಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಒಂದು ತೀರ್ಮಾನ ಮಾಡಿವೆ. ಅಲ್ಲಿಯವರೆಗೆ ಸಾರ್ವಜನಿಕ ವೆಬ್ ಸರ್ಟಿಫಿಕೇಟು 398 ದಿನ ಇರಬಹುದಿತ್ತು. 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ. ವೆಬ್‌ಸೈಟಿಗೆ ಇದು ಒಳ್ಳೆಯದೇ, ಎಲ್ಲವೂ ತಾನಾಗಿ ನವೀಕರಣ ಆಗುತ್ತದೆ. ಆದರೆ ಸರ್ವರಿನ ಸರ್ಟಿಫಿಕೇಟನ್ನೇ ಬೋರ್ಡಿನಲ್ಲಿ ಕೂರಿಸಿಟ್ಟವರು ಒಂದೂವರೆ ತಿಂಗಳಿಗೊಮ್ಮೆ ಏಣಿ ಹತ್ತಬೇಕಾಗುತ್ತದೆ. ಆ ಸರ್ಟಿಫಿಕೇಟಿಗೆ ಖಾತರಿ ಕೊಡುವ ಮೇಲಿನ ರೂಟ್ ಸರ್ಟಿಫಿಕೇಟನ್ನು ಕೂರಿಸಿದರೆ ಜಾಸ್ತಿ ಕಾಲ ನಡೆಯುತ್ತದೆ, ಆದರೂ ಶಾಶ್ವತ ಅಲ್ಲ. 2021ರ ಸೆಪ್ಟೆಂಬರ್ 30ರಂದು ಉಚಿತ ಸರ್ಟಿಫಿಕೇಟು ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದ ಒಂದು ಹಳೇ ರೂಟ್ ಅವಧಿ ಮುಗಿದು, ಅಪ್‌ಡೇಟ್ ಕಾಣದ ಎಷ್ಟೋ ಸಾಧನಗಳು ಒಂದೇ ದಿನದಲ್ಲಿ ಸಂಪರ್ಕ ಕಳೆದುಕೊಂಡವು.

ಇಲ್ಲೇ ಸಮಯದ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ಬೋರ್ಡಿನ ಗಡಿಯಾರ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಆ ದಿನಾಂಕ ನೋಡಿದ ಇಎಸ್‌ಪಿ8266, ಈ ಸರ್ಟಿಫಿಕೇಟು ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಸರ್ವರನ್ನು ತಿರಸ್ಕರಿಸುತ್ತದೆ. ಮೊದಲು ಎನ್‌ಟಿಪಿ ಸರ್ವರಿನಿಂದ ಸಮಯ ತರಿಸಿಕೊಳ್ಳಬೇಕು, ಆಮೇಲೆ ಕ್ಲೌಡಿನ ಬಾಗಿಲು ತಟ್ಟಬೇಕು. ಜೊತೆಗೊಂದು ಡಿಎಸ್3231 ಗಡಿಯಾರದ ಮಾಡ್ಯೂಲು ಹಾಕಿದರೆ ಗುಂಡಿ ಸೆಲ್ಲಿನಲ್ಲೇ ವರ್ಷಗಟ್ಟಲೆ ಸಮಯ ನೆನಪಿಡುತ್ತದೆ. ಅಷ್ಟಕ್ಕೆ ಯಾರೂ ಜಿಪುಣತನ ಮಾಡಬಾರದು.

ಇಷ್ಟೆಲ್ಲ ಸರಿಮಾಡಿಕೊಂಡರೂ ಆಚೆ ಕಡೆಯ ಸೇವೆಯೇ ಇಲ್ಲವಾದರೆ? ಗೂಗಲ್ ಐಒಟಿ ಕೋರ್ ಒಂದೇ ಅಲ್ಲ. ಮಾಂಗೋಡಿಬಿ ಕಂಪನಿ ತನ್ನ ಅಟ್ಲಾಸ್ ಡೇಟಾಬೇಸಿಗೆ ‘ಡೇಟಾ ಎಪಿಐ’ ಅಂತ ಕೊಟ್ಟಿತ್ತು. ಬೋರ್ಡುಗಳಿಗೆ ಅದು ಬಹಳ ಅನುಕೂಲ, ಸಾಮಾನ್ಯ ಎಚ್‌ಟಿಟಿಪಿಎಸ್ ಕೋರಿಕೆಯಲ್ಲೇ ಡೇಟಾಬೇಸಿಗೆ ಬರೆಯಬಹುದಿತ್ತು. 2025ರ ಸೆಪ್ಟೆಂಬರ್ 30ಕ್ಕೆ ಅದರ ಆಯುಷ್ಯ ಮುಗಿಯಿತು. 2023ರಲ್ಲಿ ಇನ್‌ಫ್ಲಕ್ಸ್‌ಡಿಬಿ ಕ್ಲೌಡ್ ಅನ್ನುವ ಡೇಟಾಬೇಸ್ ಸೇವೆ ತನ್ನ ಬೆಲ್ಜಿಯಂ ಮತ್ತು ಸಿಡ್ನಿ ಕೇಂದ್ರಗಳನ್ನು ಮುಚ್ಚಿದಾಗ ಆದದ್ದು ಇನ್ನೂ ಕಷ್ಟದ್ದು. ಮೊದಲೇ ಇಮೇಲ್ ಕಳಿಸಿದ್ದೆವು ಅಂತ ಕಂಪನಿ ಹೇಳಿತು, ಆದರೆ ಹಲವು ಗ್ರಾಹಕರಿಗೆ ಗೊತ್ತಾದದ್ದು ಡೇಟಾ ಸಿಗದೆ ಹೋದ ಮೇಲೆ. ಇವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಲಾಭವಿಲ್ಲದ ಸೇವೆಯನ್ನು ಕಂಪನಿ ನಿಲ್ಲಿಸುವುದು ಸಹಜ. ನಾವು ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಬೇಕು, ಅಷ್ಟೇ.

ಹಾಗಾದರೆ ನಡುವಿನ ಪದರ ಹೇಗಿರಬೇಕು? ಇದಕ್ಕೆ ನನಗೆ ಎಂಕ್ಯೂಟಿಟಿ ಅನ್ನುವ, ಸಣ್ಣ ಸಂದೇಶಗಳನ್ನು ಕಳಿಸುವ ಪದ್ಧತಿಯೇ ಸರಿ ಅನ್ನಿಸುತ್ತದೆ. 1999ರಲ್ಲಿ ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ತೈಲ ಪೈಪ್‌ಲೈನುಗಳ ಮೇಲೆ ದುಬಾರಿ ಉಪಗ್ರಹ ಸಂಪರ್ಕದ ಮೂಲಕ ನಿಗಾ ಇಡಲಿಕ್ಕೆ. ಕಡಿಮೆ ಡೇಟಾ, ಆಗಾಗ ಕಡಿದುಹೋಗುವ ಲೈನು, ದೂರದ ಜಾಗ. ನಮ್ಮ ಮಲೆನಾಡಿನ ತೋಟದ ಪರಿಸ್ಥಿತಿಯೂ ಹೆಚ್ಚುಕಡಿಮೆ ಅದೇ. ಬೋರ್ಡು ತನ್ನ ಸಂದೇಶವನ್ನು ಬ್ರೋಕರ್ ಅನ್ನುವ ಸರ್ವರಿಗೆ ಕೊಡುತ್ತದೆ. ಬ್ರೋಕರಿನಿಂದ ಅದನ್ನು ತೆಗೆದು ಯಾವ ಡೇಟಾಬೇಸಿಗೆ ಹಾಕಬೇಕು ಅನ್ನುವುದು ಬೋರ್ಡಿಗೆ ಗೊತ್ತೇ ಇರಬೇಕಿಲ್ಲ. ಇವತ್ತು ಫೈರ್‌ಬೇಸ್, ನಾಳೆ ಪೋಸ್ಟ್‌ಗ್ರೆಸ್, ನಾಡಿದ್ದು ಇನ್ನೇನೋ. ಬದಲಾಗುವುದು ಸರ್ವರಿನಲ್ಲಿರುವ ಒಂದು ಸಣ್ಣ ಪ್ರೋಗ್ರಾಂ ಮಾತ್ರ.

ಬ್ರೋಕರಿನ ವಿಳಾಸ ನಮ್ಮದೇ ಡೊಮೈನ್ ಹೆಸರಿನಲ್ಲಿ ಇರಬೇಕು, ಇದು ಬಹಳ ಮುಖ್ಯ. ಮನೆ ಬದಲಿಸಿದರೂ ಫೋನ್ ನಂಬರ್ ಅದೇ ಇರುವ ಹಾಗೆ, ಸರ್ವರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿದರೂ ಬೋರ್ಡು ಹುಡುಕುವ ಹೆಸರು ಬದಲಾಗುವುದಿಲ್ಲ. ಬ್ರೋಕರ್ ನಮ್ಮದೇ ಆದರೆ ಸರ್ಟಿಫಿಕೇಟಿನ ರಗಳೆಗೂ ಪರಿಹಾರ ಸಿಗುತ್ತದೆ. ನಾವೇ ಒಂದು ಖಾಸಗಿ ರೂಟ್ ಸರ್ಟಿಫಿಕೇಟು ಮಾಡಿಕೊಂಡು, ಇಪ್ಪತ್ತು ವರ್ಷದ ಅವಧಿ ಕೊಟ್ಟು, ಬೋರ್ಡು ಅದನ್ನು ಮಾತ್ರ ನಂಬಲಿ ಅಂತ ಇಡಬಹುದು. 47 ದಿನದ ನಿಯಮ ಸಾರ್ವಜನಿಕ ವೆಬ್ಬಿಗೆ, ನಮ್ಮ ಖಾಸಗಿ ಸರಪಳಿಗೆ ಅದು ತಾಕುವುದಿಲ್ಲ.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ. ಸ್ವಂತ ಸರ್ವರ್ ಅಂದರೆ ಅದನ್ನೂ ಯಾರಾದರೂ ನೋಡಿಕೊಳ್ಳಬೇಕಲ್ಲ? ಹೌದು. ತಿಂಗಳಿಗೊಮ್ಮೆ ಅಪ್‌ಡೇಟ್, ಬ್ಯಾಕಪ್, ಅವಧಿ ಮುಗಿಯುವ ಮೊದಲು ಡೊಮೈನ್ ನವೀಕರಣ ಇರುತ್ತದೆ. ಮನೆಯ ಟ್ಯಾಂಕಿನ ನೀರು ನೋಡಲಿಕ್ಕೆ ಒಂದು ಬೋರ್ಡು ಹಾಕಿಕೊಂಡವರಿಗೆ ಇದು ಬೇಡ, ಅವರು ನೇರವಾಗಿ ಫೈರ್‌ಬೇಸಿಗೋ ಥಿಂಗ್‌ಸ್ಪೀಕಿಗೋ ಕಳಿಸಲಿ, ಕೆಟ್ಟರೆ ಅವರೇ ಸರಿಮಾಡಿಕೊಳ್ಳುತ್ತಾರೆ. ಕಲಿಯುವ ಹುಡುಗರಿಗೂ ಅದೇ ಸರಿ. ಬೇರೆಯವರ ದುಡ್ಡು ತೆಗೆದುಕೊಂಡು, ಬೇರೆಯವರ ಊರಿನಲ್ಲಿ, ನೂರಾರು ಬೋರ್ಡು ಕೂರಿಸುವವರಿಗೆ ಈ ವಿನಾಯಿತಿ ಇಲ್ಲ. ಇಷ್ಟಕ್ಕೂ ಗಾತ್ರ ದೊಡ್ಡದೇನಲ್ಲ. ನಿಮಿಷಕ್ಕೊಂದು ಓದು ಅಂದರೆ ವರ್ಷಕ್ಕೆ 5,25,600 ಸಾಲು. ಮಸ್ಕೀಟೋ ಅನ್ನುವ ಉಚಿತ ಬ್ರೋಕರ್, ಜೊತೆಗೊಂದು ಎಸ್‌ಕ್ಯೂಲೈಟ್ ಫೈಲು, ರಾಸ್ಪ್‌ಬೆರಿ ಪೈ ಅಂಥ ಪುಟ್ಟ ಕಂಪ್ಯೂಟರಿನಲ್ಲೂ ಆರಾಮವಾಗಿ ನಡೆಯುತ್ತವೆ.

ಎಂಕ್ಯೂಟಿಟಿ ಬಳಸಿದೆವು ಅಂದ ಮಾತ್ರಕ್ಕೆ ಸಂದೇಶ ತಲುಪಿತು ಅಂತಲೂ ಅಲ್ಲ. ಆರ್ಡುಯಿನೋ ಲೋಕದಲ್ಲಿ ಬಹಳ ಜನ ಬಳಸುವ ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಕ್ಯೂಒಎಸ್ 0 ಮಟ್ಟದಲ್ಲಿ ಮಾತ್ರ ಕಳಿಸುತ್ತದೆ, ಅಂದರೆ ಎಸೆದು ಮರೆತುಬಿಡುತ್ತದೆ. ಅದರ ಪ್ಯಾಕೆಟ್ಟಿನ ಮಿತಿಯೂ ಮೊದಲಿಗೆ 256 ಬೈಟ್. ಸಂದೇಶ ಅದಕ್ಕಿಂತ ಉದ್ದವಾದರೆ ಕಳಿಸುವುದೇ ಇಲ್ಲ, ಫಂಕ್ಷನ್ ‘ಫಾಲ್ಸ್’ ಅಂತ ಹೇಳುತ್ತದೆ, ಅದನ್ನು ನೋಡದವರಿಗೆ ಎಲ್ಲ ಸರಿಯಿದೆ ಅಂತಲೇ ಅನ್ನಿಸುತ್ತದೆ. ಎಸ್ಪ್ರೆಸಿಫ್‌ನ ಸ್ವಂತ ಎಂಕ್ಯೂಟಿಟಿ ಲೈಬ್ರರಿಯಲ್ಲಿ ಕ್ಯೂಒಎಸ್ 1 ಇದೆ. ಬ್ರೋಕರ್ ‘ಬಂತು’ ಅನ್ನುವವರೆಗೆ ಅದು ಬಿಡುವುದಿಲ್ಲ. ಆಗ ಒಂದೇ ಸಂದೇಶ ಎರಡು ಸಲ ಬರಬಹುದು. ಬೋರ್ಡಿನ ಗುರುತು ಮತ್ತು ಅಳೆದ ಸಮಯ ಎರಡನ್ನೂ ಸೇರಿಸಿ ಡೇಟಾಬೇಸಿನಲ್ಲಿ ಕೀ ಮಾಡಿಕೊಂಡರೆ ಎರಡನೆಯದು ತಾನಾಗಿ ಬಿದ್ದುಹೋಗುತ್ತದೆ.

‘ಅಳೆದ ಸಮಯ’ ಅಂದೆ, ‘ಬಂದ ಸಮಯ’ ಅಲ್ಲ. ಲೈನು ಕಡಿದಾಗ ಬೋರ್ಡು ಓದುಗಳನ್ನು ತನ್ನಲ್ಲೇ ಕೂಡಿಟ್ಟು, ಲೈನು ಬಂದ ಮೇಲೆ ಒಟ್ಟಿಗೆ ಕಳಿಸಬೇಕು. ಅವಕ್ಕೆಲ್ಲ ಸರ್ವರ್ ತನ್ನ ಸಮಯ ಹಾಕಿದರೆ ರಾತ್ರಿಯಿಡೀ ನಡೆದದ್ದು ಬೆಳಿಗ್ಗೆ ಒಂದೇ ಕ್ಷಣದಲ್ಲಿ ನಡೆದಂತೆ ಕಾಣುತ್ತದೆ. ಕೂಡಿಡಲು ಜಾಗ ಇದೆಯಾ? ಧಾರಾಳ ಇದೆ. ಒಂದು ಓದಿಗೆ 16 ಬೈಟ್ ಅಂದುಕೊಳ್ಳಿ, ನಿಮಿಷಕ್ಕೊಂದರಂತೆ ದಿನಕ್ಕೆ ಸುಮಾರು 23 ಕೆಬಿ. ಸಾಮಾನ್ಯ ಇಎಸ್‌ಪಿ32 ಬೋರ್ಡಿನ 4 ಎಂಬಿ ಫ್ಲ್ಯಾಶಿನಲ್ಲಿ 1 ಎಂಬಿ ಇದಕ್ಕೆ ಮೀಸಲಿಟ್ಟರೆ ನಲವತ್ತೈದು ದಿನ ನಡೆಯುತ್ತದೆ. ಮಳೆಗಾಲದಲ್ಲಿ ಒಂದು ವಾರ ನೆಟ್‌ವರ್ಕ್ ಇಲ್ಲದಿದ್ದರೂ ಒಂದು ಓದೂ ಕಳೆಯುವುದಿಲ್ಲ. ಇಷ್ಟು ಸೌಲಭ್ಯ ಚಿಪ್ಪಿನಲ್ಲೇ ಇದ್ದೂ ಬಳಸದೆ ಬಿಡುವುದನ್ನು ನೋಡಿದರೆ ಬೇಸರವಾಗುತ್ತದೆ.

ಇಷ್ಟಾದರೂ ಅಲಾರಂ ವಿಷಯ ಉಳಿಯುತ್ತದೆ. ಡೇಟಾ ಬರಲಿಲ್ಲ ಅನ್ನುವುದನ್ನು ಬೋರ್ಡು ಹೇಳಲಾರದು, ಅದನ್ನು ಸರ್ವರೇ ಗಮನಿಸಬೇಕು. ಎಂಕ್ಯೂಟಿಟಿಯಲ್ಲಿ ‘ಲಾಸ್ಟ್ ವಿಲ್’ ಅಂತ ಇದೆ: ನನ್ನ ಸಂಪರ್ಕ ಹಠಾತ್ ಕಡಿದರೆ ಈ ಸಂದೇಶ ಎಲ್ಲರಿಗೂ ಹೇಳು ಅಂತ ಬೋರ್ಡು ಮೊದಲೇ ಬ್ರೋಕರಿಗೆ ಬರೆದುಕೊಟ್ಟಿರುತ್ತದೆ. ಹತ್ತು ನಿಮಿಷ ಸುದ್ದಿ ಇಲ್ಲದಿದ್ದರೆ ಸೆಕ್ರೆಟರಿಗೆ ಫೋನ್ ಹೋಗಬೇಕು. ಡೇರಿಯಲ್ಲಿ ಬೋರ್ಡಿಗೆ ಬ್ಯಾಟರಿ ಹಾಕಿಸಿ ರೂಟರಿಗೆ ಹಾಕಿಸದೆ ಬಿಡುವುದು ಮಾಮೂಲು. ಕರೆಂಟು ಹೋದಾಗ ಬೋರ್ಡು ಎಚ್ಚರವಾಗಿರುತ್ತದೆ, ‘ಕರೆಂಟು ಹೋಯಿತು’ ಅಂತ ಸಂದೇಶವನ್ನೂ ತಯಾರು ಮಾಡುತ್ತದೆ, ಆದರೆ ರೂಟರ್ ಆಫ್ ಆಗಿರುವುದರಿಂದ ಅದು ಹೊರಗೆ ಹೋಗುವುದೇ ಇಲ್ಲ. ಒಂದು ಪುಟ್ಟ ರೂಟರ್ ಯುಪಿಎಸ್ ಇದ್ದರೆ ಈ ಚಿಂತೆ ಇಲ್ಲ. ವೈಫೈ ಇಲ್ಲದ ಕಡೆ 4ಜಿ ಮಾಡ್ಯೂಲು ಹಾಕಬಹುದು. ತೋಟದ ಉದ್ದಗಲಕ್ಕೆ ಹತ್ತಾರು ಸೆನ್ಸರ್ ಬೇಕಾದರೆ ಲೋರಾ, ಅಂದರೆ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ ತಂತ್ರ, ಒಳ್ಳೆಯದು, ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ.

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ರೂಪ ಕಣ್ಣೆದುರಿಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ. ಸೌರಶಕ್ತಿಯಿಂದ ನಡೆಯುತ್ತವೆ, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಅಷ್ಟು ಕಡೆ ಯಂತ್ರ ಇಟ್ಟ ಮೇಲೆ ಸೋಲಾರ್ ಪ್ಯಾನೆಲ್ಲಿನ ಧೂಳು, ಸಿಮ್ಮಿನ ಕರೆನ್ಸಿ, ಕೊಳವೆಗೆ ಸೇರುವ ಕಸ, ಇವೆಲ್ಲ ನಿತ್ಯದ ಕೆಲಸ. ಯಂತ್ರ ಕೊಳ್ಳುವಾಗಲೇ ಅದನ್ನು ನೋಡಿಕೊಳ್ಳುವ ಖರ್ಚನ್ನೂ ಸೇರಿಸಿಕೊಂಡರೆ ಮಾತ್ರ ಇಂಥದ್ದು ನಿಲ್ಲುತ್ತದೆ.

ಸಂಘದವರೋ ರೈತರ ಗುಂಪೋ ಇಂಥ ವ್ಯವಸ್ಥೆ ಹಾಕಿಸುವಾಗ ಮಾರುವವರ ಹತ್ತಿರ ಸೆನ್ಸರ್ ಎಷ್ಟು, ಆ್ಯಪ್ ಚೆನ್ನಾಗಿದೆಯಾ ಅಂತ ಕೇಳುತ್ತಾರೆ. ಅದರ ಜೊತೆ ಡೊಮೈನ್ ಯಾರ ಹೆಸರಿನಲ್ಲಿದೆ ಅಂತಲೂ ಕೇಳಿ. ತಿಂಗಳ ಡೇಟಾ ಸಾಮಾನ್ಯ ಎಕ್ಸೆಲ್‌ನಲ್ಲಿ ತೆರೆಯುವ ಫೈಲಾಗಿ ನಮಗೆ ಬರುತ್ತದಾ, ಏಣಿ ಹತ್ತದೆ ಪ್ರೋಗ್ರಾಂ ಬದಲಿಸುವ ಒಟಿಎ ಸೌಲಭ್ಯ ಇದೆಯಾ, ಅದು ಅರ್ಧದಲ್ಲಿ ಕೆಟ್ಟರೆ ಹಳೇ ಪ್ರೋಗ್ರಾಮಿಗೆ ತಾನಾಗಿ ವಾಪಸ್ ಬರುತ್ತದಾ, ಇವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಆಮೇಲೆ ಅವರ ಎದುರಿಗೇ ಸೆನ್ಸರಿನ ವೈರು ಕೀಳಿ, ದೋಷ ಅಂತ ತೋರಿಸುತ್ತದಾ ನೋಡಿ. ವೈರು ಮತ್ತೆ ಹಾಕಿ ರೂಟರನ್ನು ಒಂದು ಗಂಟೆ ಆಫ್ ಮಾಡಿ, ಹತ್ತು ನಿಮಿಷದಲ್ಲಿ ಫೋನ್ ಬರುತ್ತದಾ ನೋಡಿ. ರೂಟರ್ ಆನ್ ಆದ ಮೇಲೆ ಆ ಗಂಟೆಯ ಓದುಗಳು ಅದರದರ ಸಮಯಕ್ಕೇ ಗ್ರಾಫಿನಲ್ಲಿ ಬಂದು ಕೂತರೆ ಬಿಲ್ಲಿಗೆ ಸಹಿ ಹಾಕಿ.